ಮಾಡಿಫೈ ಮಾಡಿದ ಹಳೆ ಜಿಪ್ಸಿಗೆ ಸರಿಯಾದ ಐಡಿವಿ (ಇನ್ಶೂರೆನ್ಸ್ ಪಾಲಿಸಿಯಲ್ಲಿ ಗಾಡಿಗೆ ಹಿಡಿಯುವ ಬೆಲೆ) ಸಿಗುವುದು ಹೇಗೆ? ಗೊತ್ತಿರುವವರು ಹೇಳಿ

ಸಕಲೇಶಪುರದಿಂದ ಪ್ರಶ್ನೆ

2012ರ ಜಿಪ್ಸಿ, ಪೆಟ್ರೋಲ್, 1298 ಸಿಸಿ. ಬಾಡಿ ಪೂರ್ತಿ ಬಿಚ್ಚಿ ಟಿಂಕರಿಂಗ್, ಪೇಂಟಿಂಗ್ ಆಗಿದೆ. ಎಂಜಿನ್ ಕೆಲಸ, ಹೊಸ ಲೀಫ್ ಸ್ಪ್ರಿಂಗ್ ಸೆಟ್, ಶಾಕ್ ಅಬ್ಸಾರ್ಬರ್, 235/75 ಆರ್15 ಟೈರು ಐದು, ವಿಂಚ್ (ಸಿಕ್ಕಿಬಿದ್ದ ಗಾಡಿ ಎಳೆಯುವ ಯಂತ್ರ), ಎಲ್‌ಇಡಿ ದೀಪ, ಸಾಫ್ಟ್‌ಟಾಪ್ ತೆಗೆದು ಫೈಬರ್ ಹಾರ್ಡ್‌ಟಾಪ್. ಖರ್ಚು ಆರೂವರೆ ಲಕ್ಷ ದಾಟಿದೆ. ಆನ್‌ಲೈನ್ ರಿನ್ಯೂವಲ್‌ನಲ್ಲಿ ಐಡಿವಿ 1,60,000ದ ಮೇಲೆ ಏರುತ್ತಲೇ ಇಲ್ಲ. ನಿಜವಾದ ಬೆಲೆಗೆ ಇನ್ಶೂರೆನ್ಸ್ ಮಾಡಿಸಲು ದಾರಿ ಇದೆಯೇ?

ಹಾಸನದಿಂದ

ದಾರಿ ಇದೆ ಸರ್, ಆದರೆ ಖರ್ಚು ಮಾಡಿದ್ದೆಲ್ಲ ಬರುತ್ತದೆ ಅಂದುಕೊಳ್ಳಬೇಡಿ. ಮೊದಲೇ ಒಪ್ಪಿದ ಬೆಲೆಗೆ ಪಾಲಿಸಿ ಕೊಡುವ ಪದ್ಧತಿ ನಮ್ಮ ಹಳೆ ದರ-ಷರತ್ತುಗಳ ಪಟ್ಟಿಯಾದ ಮೋಟಾರ್ ಟಾರಿಫ್‌ನಲ್ಲಿ ವಿಂಟೇಜ್ ಕಾರುಗಳಿಗೆ ಮಾತ್ರ ಇದೆ. ವಿಂಟೇಜ್ ಅಂದರೆ 1940ರ ಡಿಸೆಂಬರ್ 31ಕ್ಕೆ ಮುಂಚೆ ತಯಾರಾದ ಗಾಡಿ. ಉಳಿದವರಿಗೆಲ್ಲ ಐಡಿವಿಯೇ ಗತಿ.

ನಿಮಗೆ ಅನುಕೂಲವಾದ ಒಂದು ಅಂಶ ಇಲ್ಲಿದೆ. ಐಡಿವಿಯ ಸವಕಳಿ ಪಟ್ಟಿ ಆರು ತಿಂಗಳಿಗೆ ಶೇ. 5ರಿಂದ ಶುರುವಾಗಿ ಐದನೇ ವರ್ಷಕ್ಕೆ ಶೇ. 50ಕ್ಕೆ ನಿಲ್ಲುತ್ತದೆ. ಐದು ವರ್ಷ ದಾಟಿದ ಗಾಡಿಯ ಬೆಲೆಯನ್ನು ಕಂಪನಿ ಮತ್ತು ಮಾಲೀಕ ಮಾತಾಡಿ ನಿಗದಿ ಮಾಡಬೇಕು ಎಂದೇ ನಿಯಮ. ಆನ್‌ಲೈನ್‌ನಲ್ಲಿ ಕಾಣುವ ಮಿತಿ ಸಾಫ್ಟ್‌ವೇರ್ ಹಾಕಿದ್ದು. ಬ್ರಾಂಚ್‌ಗೆ ಹೋಗಿ, ಪಾಲಿಸಿಯ ಬೆಲೆ ಒಪ್ಪುವ ಅಧಿಕಾರಿಯಾದ ಅಂಡರ್‌ರೈಟರ್ ಹತ್ತಿರ ಫೈಲ್ ಹೋಗುವಂತೆ ಕೇಳಿ. ಸರ್ಕಾರಿ ವಲಯದ ನಾಲ್ಕು ಕಂಪನಿಗಳ ಶಾಖೆಗಳಲ್ಲಿ ಕೂತು ಮಾತಾಡುವ ಅವಕಾಶ ಹೆಚ್ಚು. ಕೈಯಲ್ಲಿ ಲೈಸೆನ್ಸ್ ಇರುವ ಸರ್ವೇಯರ್ ಕೊಟ್ಟ ವ್ಯಾಲ್ಯುಯೇಷನ್ ರಿಪೋರ್ಟ್ ಇರಲಿ: ಚಾಸಿ ನಂಬರಿನ ಫೋಟೊ, ಎಂಜಿನ್ ನಂಬರ್, ಓಡೋಮೀಟರ್, ನಾಲ್ಕೂ ಕಡೆಯ ಚಿತ್ರ, ಚಾಸಿಯ ಅಡಿಭಾಗ. ಅದೇ ವರ್ಷದ ಚೆನ್ನಾಗಿರುವ ಜಿಪ್ಸಿಗಳು ಈಗ ಎಷ್ಟಕ್ಕೆ ಮಾರಾಟಕ್ಕಿವೆ ಎಂಬ ಐದಾರು ಜಾಹೀರಾತಿನ ಪ್ರತಿಯೂ ಸೇರಿಸಿ.

ಈ ಜಗಳ ರಿನ್ಯೂವಲ್‌ಗೆ ಮುಂಚೆಯೇ ಮುಗಿಯಬೇಕು. ಗಾಡಿ ಪೂರ್ತಿ ಹೋದರೆ ಐಡಿವಿಯನ್ನೇ ಮಾರುಕಟ್ಟೆ ಬೆಲೆ ಎಂದು ಹಿಡಿಯುತ್ತಾರೆ. ಆಮೇಲೆ ಯಾವ ಬಿಲ್ ತೋರಿಸಿದರೂ ಪ್ರಯೋಜನವಿಲ್ಲ.

ಮೈಸೂರಿನಿಂದ

ಕಡಿಮೆ ಐಡಿವಿಯ ದೊಡ್ಡ ಅಪಾಯ ಕಳ್ಳತನವಲ್ಲ, ಸಾಧಾರಣ ಆ್ಯಕ್ಸಿಡೆಂಟ್. ಪಾಲಿಸಿ ಷರತ್ತಿನ ಪ್ರಕಾರ ಲೆಕ್ಕ ಹಾಕಿದ ರಿಪೇರಿ ವೆಚ್ಚ ಐಡಿವಿಯ ಶೇ. 75 ದಾಟಿದರೆ ಅದು ಟೋಟಲ್ ಲಾಸ್, ಅಂದರೆ ಗಾಡಿ ಪೂರ್ತಿ ಹೋದ ಲೆಕ್ಕ. 1,60,000ಕ್ಕೆ ಆ ಗೆರೆ 1,20,000. ಮುಂದಿನ ಆ್ಯಕ್ಸಲ್ ಬಾಗಿ, ರೇಡಿಯೇಟರ್ ಒಡೆದು, ಮಡ್‌ಗಾರ್ಡ್, ಬಾನೆಟ್ ಹೋದರೆ ಎಸ್ಟಿಮೇಟ್ ಆ ಗೆರೆಯ ಹತ್ತಿರ ಬಂದುಬಿಡಬಹುದು. ಆಗ ಸಿಗುವುದು 1,60,000, ಅದರಲ್ಲಿ ಕಡ್ಡಾಯ ಕಡಿತ 1,000. ಆರೂವರೆ ಲಕ್ಷ ಸುರಿದ ಗಾಡಿ ಸ್ಕ್ರಾಪ್ ಲೆಕ್ಕಕ್ಕೆ ಹೋಗುತ್ತದೆ. ಐಡಿವಿ 4,00,000 ಇದ್ದರೆ ಗೆರೆ 3,00,000ಕ್ಕೆ ಏರುತ್ತದೆ, ಗಾಡಿ ರಿಪೇರಿಯಾಗಿ ಮನೆಗೆ ಬರುತ್ತದೆ.

ಮಡಿಕೇರಿಯಿಂದ

ಬಿಲ್ ಬಗ್ಗೆ ಹೇಳುತ್ತೇನೆ, ಹೆಚ್ಚಿನವರು ಸೋಲುವುದು ಇಲ್ಲಿಯೇ. “ಜಿಪ್ಸಿ ಕೆಲಸ, ಒಟ್ಟು 2,40,000” ಎಂದು ಗ್ಯಾರೇಜ್ ಲೆಟರ್‌ಹೆಡ್‌ನಲ್ಲಿ ಬರೆದ ಚೀಟಿಗೆ ಕವಡೆ ಕಿಮ್ಮತ್ತಿಲ್ಲ. ಜಿಎಸ್‌ಟಿ ನಂಬರ್ ಇರುವ ಬಿಲ್ ಬೇಕು, ಅದರ ಮೇಲೆ ಗಾಡಿ ನಂಬರ್ ಮತ್ತು ಚಾಸಿ ನಂಬರ್ ಬರೆಸಿ. ಪಾರ್ಟ್ ಬೇರೆ, ಲೇಬರ್ ಬೇರೆ. ವಿಂಚ್ ಆದರೆ ಕಂಪನಿ, ಮಾಡೆಲ್, ಸೀರಿಯಲ್ ನಂಬರ್ ಒಂದೇ ಸಾಲಿನಲ್ಲಿ ಇರಲಿ, ಅದೇ ಸೀರಿಯಲ್ ಪ್ಲೇಟಿನ ಫೋಟೊ ಜೊತೆಗಿರಲಿ.

ಪ್ರಪೋಸಲ್ ಫಾರಂನಲ್ಲಿ ಎಲೆಕ್ಟ್ರಿಕಲ್ ಮತ್ತು ನಾನ್-ಎಲೆಕ್ಟ್ರಿಕಲ್ ಆಕ್ಸೆಸರಿ ಎಂದು ಎರಡು ಬೇರೆ ಕಲಂ ಇವೆ. ವಿಂಚ್, ಎಲ್‌ಇಡಿ, ಸ್ಟೀರಿಯೊ ಮೊದಲನೆಯದಕ್ಕೆ. ಅಲಾಯ್, ಹಾರ್ಡ್‌ಟಾಪ್, ಸೀಟು ಎರಡನೆಯದಕ್ಕೆ. ಎಲೆಕ್ಟ್ರಿಕಲ್ ವಸ್ತುವಿಗೆ ಹಳೆ ಟಾರಿಫ್ ಪ್ರಕಾರ ಬೆಲೆಯ ಶೇ. 4 ಹೆಚ್ಚುವರಿ ಪ್ರೀಮಿಯಂ. ಪಾಲಿಸಿ ಹಾಳೆಯಲ್ಲಿ ಆ ಕಲಂ ಎದುರು ಸೊನ್ನೆ ಇದ್ದರೆ ಸರ್ವೇಯರ್ ವಿಂಚನ್ನು ನೋಡಿಯೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ವರ್ಷದ ನಡುವೆ ಹಾಕಿಸಿದ ವಸ್ತುವನ್ನು ಪಾಲಿಸಿಗೆ ತಿದ್ದುಪಡಿ, ಅಂದರೆ ಎಂಡಾರ್ಸ್‌ಮೆಂಟ್ ಮಾಡಿಸಿ ಸೇರಿಸಬಹುದು, ಉಳಿದ ದಿನಗಳ ಪ್ರೀಮಿಯಂ ಕಟ್ಟಿದರೆ ಸಾಕು.

ಬೆಂಗಳೂರಿನಿಂದ

ಇದೆಲ್ಲಕ್ಕಿಂತ ಮೊದಲು ಆರ್‌ಸಿ ನೋಡಿ. ಗಾಡಿ ಒಂದು, ಆರ್‌ಸಿ ಇನ್ನೊಂದು ಹೇಳಿದರೆ ಕಂಪನಿಗೆ ಕ್ಲೇಮ್ ತಳ್ಳಿಹಾಕಲು ನೀವೇ ಕಾರಣ ಕೊಟ್ಟಂತೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯ ವಿವರ ತಯಾರಕರು ಮೂಲದಲ್ಲಿ ಕೊಟ್ಟದ್ದಕ್ಕಿಂತ ಭಿನ್ನವಾಗುವಂಥ ಬದಲಾವಣೆ ಮಾಡುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182ಎ ಪ್ರಕಾರ ಒಂದೊಂದು ಬದಲಾವಣೆಗೆ 5,000 ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ.

ನಿಮ್ಮ ಪಟ್ಟಿಯಲ್ಲಿ ಟಿಂಕರಿಂಗ್, ಅದೇ ಎಂಜಿನ್ನಿನ ರಿಪೇರಿ ಇವುಗಳಿಂದ ತೊಂದರೆಯಿಲ್ಲ. ಬಣ್ಣ ಬದಲಾಗಿದ್ದರೆ ಆರ್‌ಟಿಒದಲ್ಲಿ ಆರ್‌ಸಿಗೆ ಏರಿಸಿಕೊಳ್ಳಿ. ಹಾರ್ಡ್‌ಟಾಪ್‌ಗೂ ಹಾಗೆಯೇ, ಆರ್‌ಸಿಯಲ್ಲಿ ಬಾಡಿ ಟೈಪ್ ಸಾಫ್ಟ್‌ಟಾಪ್ ಎಂದಿದ್ದರೆ ಮೊದಲು ಆರ್‌ಟಿಒಗೆ ಬರೆದು ಕೇಳಿ. ವಿಂಚ್ ಕೂರಿಸಲು ಮುಂದೆ ಕಬ್ಬಿಣದ ಬುಲ್ ಬಾರ್ ಇದ್ದರೆ ತೆಗೆಸಿ, 2017ರಲ್ಲೇ ಕೇಂದ್ರ ಸರ್ಕಾರ ಅದರ ಮೇಲೆ ಕ್ರಮಕ್ಕೆ ಹೇಳಿದೆ. ಟೈರು ನನಗೆ ಚಿಂತೆಯ ವಿಷಯ. ಮೂಲ 205/70 ಆರ್15ಕ್ಕಿಂತ ನಿಮ್ಮದು ಸುಮಾರು 65 ಮಿ.ಮೀ. ದೊಡ್ಡ ವ್ಯಾಸದ್ದು. ಸ್ಪೀಡೋಮೀಟರ್ 60 ತೋರಿಸುವಾಗ ಗಾಡಿ 66ರಲ್ಲಿ ಓಡುತ್ತಿರುತ್ತದೆ. ಬ್ರೇಕಿಗೂ ಭಾರ ಹೆಚ್ಚು. 215/75ಕ್ಕೆ ಇಳಿಸುವುದು ಒಳ್ಳೆಯದು.

ಗಾಡಿಗೆ ಹದಿನೈದು ವರ್ಷ ತುಂಬುವುದು 2027ಕ್ಕೆ. ಆರ್‌ಸಿ ರಿನ್ಯೂವಲ್‌ಗೆ ಇನ್‌ಸ್ಪೆಕ್ಟರ್ ಮುಂದೆ ಹೇಗೂ ನಿಲ್ಲಿಸಬೇಕು. ಈಗಲೇ ಸರಿಮಾಡಿಕೊಂಡರೆ ಎರಡೂ ಕೆಲಸ ಆಗುತ್ತದೆ.

ಸಕಲೇಶಪುರದಿಂದ

ತುಂಬಾ ಉಪಕಾರವಾಯಿತು. ಐಡಿವಿ 4 ಲಕ್ಷಕ್ಕೆ ಏರಿಸಿದರೆ ಪ್ರೀಮಿಯಂ ಎಷ್ಟು ಏರಬಹುದು? ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ರಿಯಾಯಿತಿ) ಶೇ. 50 ಇದೆ.

ಹಾಸನದಿಂದ

ಹತ್ತು ವರ್ಷ ದಾಟಿದ, 1000ದಿಂದ 1500 ಸಿಸಿ ಗಾಡಿಗೆ ಹಳೆ ಟಾರಿಫ್ ದರ ಬೆಂಗಳೂರು ನೋಂದಣಿಗೆ ಶೇ. 3.529, ನಿಮ್ಮ ಕಡೆಗೆ ಶೇ. 3.430. ಹೆಚ್ಚುವರಿ 2,40,000ಕ್ಕೆ 8,232 ರೂಪಾಯಿ. ಬೋನಸ್ ಕಳೆದರೆ 4,116, ಶೇ. 18 ಜಿಎಸ್‌ಟಿ ಸೇರಿ 4,857. ಕಂಪನಿಯ ಡಿಸ್ಕೌಂಟ್ ಬಂದರೆ ಇನ್ನೂ ಇಳಿಯುತ್ತದೆ. ಪಾಲಿಸಿ ಮುಗಿದು 90 ದಿನ ದಾಟಿದರೆ ಆ ಬೋನಸ್ಸೇ ಹೋಗುತ್ತದೆ, ಮಾತುಕತೆಯ ಗಡಿಬಿಡಿಯಲ್ಲಿ ತಾರೀಖು ಮರೆಯಬೇಡಿ.

ಮೈಸೂರಿನಿಂದ

ಇನ್ನೊಂದು ಮಾತು. ಐಡಿವಿ ಏರಿದರೂ ಸಣ್ಣ ಕ್ಲೇಮಿನಲ್ಲಿ ಸವಕಳಿ ತಪ್ಪುವುದಿಲ್ಲ. ಲೆಕ್ಕ ಹಿಡಿಯುವುದು ಗಾಡಿಯ ವಯಸ್ಸನ್ನು, ಪಾರ್ಟಿನ ವಯಸ್ಸನ್ನಲ್ಲ. ನಿನ್ನೆ ಹಾಕಿಸಿದ ಲೀಫ್ ಸ್ಪ್ರಿಂಗ್‌ಗೂ ಶೇ. 50 ಕಡಿತ. ಟೈರು, ಪ್ಲಾಸ್ಟಿಕ್, ಬ್ಯಾಟರಿಗೆ ಶೇ. 50, ಫೈಬರ್ ಹಾರ್ಡ್‌ಟಾಪ್‌ಗೆ ಶೇ. 30, ಗಾಜಿಗೆ ಇಲ್ಲ. ಲೇಬರ್‌ಗೆ ಸವಕಳಿ ಇಲ್ಲ, ಆದ್ದರಿಂದ ಎಸ್ಟಿಮೇಟ್‌ನಲ್ಲಿ ಅದನ್ನು ಬೇರೆ ಬರೆಸಲೇಬೇಕು. ಈ ವಯಸ್ಸಿನ ಗಾಡಿಗೆ ಝೀರೋ ಡೆಪ್ (ಸವಕಳಿ ಕಡಿತವಿಲ್ಲದ ಕವರ್) ಸಿಗುವುದು ಕಷ್ಟ.

ಆಫ್‌ರೋಡ್ ಸ್ಪರ್ಧೆಗೆ ಇಳಿಸುವ ಯೋಚನೆ ಇದ್ದರೆ ರೇಸು, ವೇಗ ಪರೀಕ್ಷೆ, ರಿಲಯಬಿಲಿಟಿ ಟ್ರಯಲ್ (ಗಾಡಿಯ ತಾಳಿಕೆ ಪರೀಕ್ಷೆ) ಸಾಮಾನ್ಯ ಪಾಲಿಸಿಯಿಂದ ಹೊರಗೆ. ರ‍್ಯಾಲಿಗೆ ಬೇರೆ ಎಂಡಾರ್ಸ್‌ಮೆಂಟ್ ಕೇಳಿ ಪಡೆಯಬೇಕು.

ಮಡಿಕೇರಿಯಿಂದ

ಪಾಲಿಸಿ ಪಿಡಿಎಫ್ ಬಂದ ದಿನವೇ ಐಡಿವಿ, ಬಾಡಿ ಟೈಪ್, ಎರಡು ಆಕ್ಸೆಸರಿ ಕಲಂ, ಚಾಸಿ ನಂಬರಿನ ಕೊನೆಯ ಐದು ಅಂಕಿ ಆರ್‌ಸಿ ಪಕ್ಕ ಇಟ್ಟು ತಾಳೆ ನೋಡಿ. ತಪ್ಪಿದ್ದರೆ ಅಂದೇ ಇಮೇಲ್ ಮಾಡಿ, ಫೋನಿನಲ್ಲಿ ಹೇಳಿ ಬಿಡಬೇಡಿ. ಮುಂದೆ ಕ್ಲೇಮ್ ವಿವಾದವಾಗಿ ದೂರು ವಿಚಾರಿಸುವ ಬೆಂಗಳೂರಿನ ಇನ್ಶೂರೆನ್ಸ್ ಓಂಬುಡ್ಸ್‌ಮನ್‌ಗೆ ಹೋಗಬೇಕಾದರೆ ಆ ಇಮೇಲ್ ಪ್ರತಿಯೇ ಮೊದಲ ಕಾಗದ.