ಸಹಾಯ ಬೇಕು: ಹೃದಯಬಡಿತ, ಇನ್ಸುಲಾ ಮತ್ತು ಪ್ರಜ್ಞೆ

ನರವಿಜ್ಞಾನ ಬಲ್ಲವರಲ್ಲಿ ಒಂದು ವಿನಂತಿ. ಸುಮ್ಮನೆ ಕುಳಿತಾಗ ಚುರುಕಾಗುವ ಮಿದುಳಿನ ಚಟುವಟಿಕೆಯನ್ನು ನರವಿಜ್ಞಾನಿ ಮಾರ್ಕಸ್ ರೈಕಲ್ ಮತ್ತು ಸಂಗಡಿಗರು 2001ರಲ್ಲಿ ‘ಡೀಫಾಲ್ಟ್ ಮೋಡ್’ ಎಂದು ಕರೆದರು. ಗಮನವಿಟ್ಟು ಕೆಲಸ ಮಾಡುವಾಗ ಈ ಚಟುವಟಿಕೆ ತೋರುವ ಮಿದುಳು ಭಾಗಗಳ ಜಾಲ ತಗ್ಗಿ, ಗಮನಕ್ಕೆ ಸಂಬಂಧಿಸಿದ ಇನ್ನೊಂದು ಜಾಲ ಮೇಲೇಳುತ್ತದೆ. ಈ ಅದಲುಬದಲಿನಲ್ಲಿ ಇನ್ಸುಲಾದ (ಮಿದುಳಿನ ಪಕ್ಕದ ಆಳವಾದ ಮಡಿಕೆಯೊಳಗೆ ಅಡಗಿರುವ ಭಾಗ) ಮುಂಭಾಗದ ಪಾತ್ರ ದೊಡ್ಡದೆನ್ನುತ್ತಾರೆ. ಹೃದಯಬಡಿತ, ಉಸಿರಾಟ, ಹೊಟ್ಟೆಯ ತಳಮಳಗಳ ಸುದ್ದಿ ಒಳಾಂಗಗಳನ್ನು ಮಿದುಳಿಗೆ ಜೋಡಿಸುವ ವೇಗಸ್ ನರ, ಮಿದುಳಕಾಂಡ, ಸಂವೇದನೆಗಳನ್ನು ಮುಂದಕ್ಕೆ ರವಾನಿಸುವ ಥಾಲಮಸ್‌ಗಳ ಮೂಲಕ ಬಂದು ಸೇರುವುದೂ ಇನ್ಸುಲಾಕ್ಕೇ. ಹಾಗಾದರೆ, ಬಡಿತ ಏರಿದ್ದರಿಂದ ನಮ್ಮ ಗ್ರಹಿಕೆಯ ದಿಕ್ಕು ಬದಲಾಗುತ್ತದೆಯೇ ಅಥವಾ ಅಪಾಯವನ್ನು ಮೊದಲೇ ಊಹಿಸಿದ ಮಿದುಳೇ ಬಡಿತವನ್ನು ಏರಿಸುತ್ತದೆಯೇ? ‘ಎರಡೂ ಹೌದು’ ಎಂಬ ಉತ್ತರ (ಸಾಮಾನ್ಯವಾಗಿ ಸಿಗುವುದು ಅದೇ) ನನಗೆ ಸಾಲದು. ಯಾವುದು ಯಾವಾಗ ಮೇಲುಗೈ ಪಡೆಯುತ್ತದೆಂದು ಬಿಡಿಸಿ ತೋರಿಸುವ ಪ್ರಯೋಗಗಳಿದ್ದರೆ ದಯವಿಟ್ಟು ತಿಳಿಸಿ. ಪ್ರಜ್ಞೆಯ ಕುರಿತೂ ಒಂದು ಪ್ರಶ್ನೆ: ಅರಿವಳಿಕೆಯಲ್ಲಿ ಶಬ್ದಕ್ಕೆ ಶ್ರವಣ ಕಾರ್ಟೆಕ್ಸ್ (ಮಿದುಳಿನ ಹೊರಪದರದಲ್ಲಿ ಕೇಳುವಿಕೆಯ ಭಾಗ) ಸ್ಪಂದಿಸುತ್ತಿದ್ದರೂ ಮಿದುಳಿನ ದೂರದ ಭಾಗಗಳ ನಡುವಿನ ಸಂವಹನ ಕುಂದುತ್ತದೆ. ಆಗ ಇನ್ಸುಲಾದ ಪಾಡೇನೆಂದು ವಿವರಿಸಿದರೂ ಉಪಕಾರವಾಗುತ್ತದೆ.