‘ಎಳೆದು ಬಿಡು’: ಆಟದ ಪರದೆಯ ಮೇಲೆ ಈ ಮಾತು ಒಪ್ಪುತ್ತದೆಯೇ?

ಮಾನ್ಯರೇ,

ಹುಬ್ಬಳ್ಳಿಯಲ್ಲಿ ನಾವು ಕೆಲವರು ಸೇರಿ ಮಕ್ಕಳಿಗಾಗಿ ಕನ್ನಡದ ವಿಡಿಯೋ ಗೇಮ್ ಒಂದನ್ನು ಸಿದ್ಧಪಡಿಸುತ್ತಿದ್ದೇವೆ. ಸಂತೆಯಲ್ಲಿ ಕೊಂಡ ಸಾಮಾನುಗಳನ್ನು ಬೆರಳಿನಿಂದ ಹಿಡಿದು ಚೀಲದ ಖಾನೆಗಳಲ್ಲಿ ಹೊಂದಿಸುವುದೇ ಅದರ ಮುಖ್ಯ ಆಟ. ಈ ಡ್ರ್ಯಾಗ್ ಆಂಡ್ ಡ್ರಾಪ್ ಕ್ರಿಯೆಗೆ ಕಂಪ್ಯೂಟರಿನ ಕನ್ನಡದಲ್ಲಿ ‘ಎಳೆದು ಬಿಡು’ ಎಂಬ ಮಾತು ಈಗಾಗಲೇ ಬಳಕೆಯಲ್ಲಿದೆ. ಆಟಗಾರನಿಗೆ ಕೊಡುವ ಸೂಚನೆಯಾಗಿ ಅದು ಒಪ್ಪುತ್ತದೆಯೇ ಎಂಬುದು ನನ್ನ ಸಂದೇಹ.

ಮೊದಲ ತೊಡಕು ‘ಬಿಡು’ ಎಂಬುದರಲ್ಲಿದೆ. ಹೇಳಿಬಿಡು, ತಿಂದುಬಿಡು ಎಂಬಲ್ಲಿ ಅದು ಸಹಾಯಕ ಕ್ರಿಯಾಪದವಾಗಿ, ಕೆಲಸವನ್ನು ಪೂರೈಸು ಎಂಬ ಒತ್ತನ್ನಷ್ಟೇ ಕೊಡುತ್ತದೆ. ‘ಎಳೆದು ಬಿಡಿ’ ಮತ್ತು ‘ಎಳೆದುಬಿಡಿ’ ಇವುಗಳ ನಡುವೆ ಇರುವುದು ಒಂದು ತೆರಪು ಮಾತ್ರ, ಮತ್ತು ಸೂಚನೆಯನ್ನು ಧ್ವನಿಯಲ್ಲಿ ಕೇಳಿಸಿದಾಗ ಆ ತೆರಪೂ ಉಳಿಯುವುದಿಲ್ಲ. ಆಟವನ್ನು ಪರೀಕ್ಷಿಸುವಾಗ ನಾಲ್ಕನೆಯ ಇಯತ್ತೆಯ ಹುಡುಗಿಯೊಬ್ಬಳು ಬೆಲ್ಲದ ಪೆಂಟೆಯನ್ನು ಚೀಲದ ಮೇಲಕ್ಕೆ ತಂದು, ಬೆರಳನ್ನು ಗಾಜಿನಿಂದ ಎತ್ತದೆ ಹಾಗೆಯೇ ಒತ್ತಿ ಹಿಡಿದು, “ಎಳದೇನ್ರೀ, ಮುಂದ?” ಎಂದು ಕೇಳಿದಳು. ಅವಳು ಓದಿಕೊಂಡದ್ದು ವ್ಯಾಕರಣದ ಪ್ರಕಾರ ಸರಿಯಾಗಿಯೇ ಇತ್ತು.

ಎರಡನೆಯದು ಇನ್ನೂ ಆಳದ್ದು. ಆಟಗಳನ್ನು ಕಟ್ಟುವ ತಂತ್ರಾಂಶವಾದ ಯೂನಿಟಿಯಲ್ಲಿ ಬೆರಳು ಮೇಲೆದ್ದ ಕೂಡಲೇ, ಕೆಳಗಿರುವ ಖಾನೆಗೆ ಮೊದಲು ‘ಆನ್‌ಡ್ರಾಪ್’ ಎಂಬ ಕರೆಯೂ (‘ನಿನ್ನ ಮೇಲೆ ಬಿಡಲಾಯಿತು’ ಎಂಬ ಸಂದೇಶ), ಬಳಿಕ ಎಳೆದ ವಸ್ತುವಿಗೆ ‘ಆನ್‌ಎಂಡ್‌ಡ್ರ್ಯಾಗ್’ ಎಂಬ ಕರೆಯೂ (‘ಎಳೆತ ಮುಗಿಯಿತು’ ಎಂಬ ಸಂದೇಶ) ಹೋಗುತ್ತವೆ. ಖಾನೆಗಳ ಹೊರಗೆ ಬೆರಳೆತ್ತಿದರೆ ಎರಡನೆಯದು ಮಾತ್ರ ಹೋಗುತ್ತದೆ. ಅಂಥದೇ ಇನ್ನೊಂದು ತಂತ್ರಾಂಶವಾದ ಗೊಡೋದಲ್ಲಂತೂ ಈ ವಸ್ತುವನ್ನು ಇಲ್ಲಿ ಇಡಬಹುದೇ ಎಂದು ಖಾನೆಯನ್ನು ಮುಂಚೆಯೇ ಕೇಳುವ ಪ್ರತ್ಯೇಕ ಕ್ರಮವಿದೆ. ಅಂದರೆ ಕೈ ಬಿಡುವುದು ಒಂದು ಘಟನೆ, ವಸ್ತು ಒಂದೆಡೆ ನೆಲೆಗೊಳ್ಳುವುದು ಇನ್ನೊಂದು. ಕನ್ನಡದಲ್ಲಿ ಇವೆರಡಕ್ಕೂ ‘ಬಿಡು’ ಮತ್ತು ‘ಇಡು’ ಎಂಬ ಬೇರೆ ಬೇರೆ ಧಾತುಗಳಿರುವಾಗ ಒಂದರಿಂದಲೇ ಎರಡನ್ನೂ ಏಕೆ ನಡೆಸಬೇಕು? ಚೌಕಾಬಾರದಲ್ಲಿ ಕಾಯಿಯನ್ನು ಮನೆಯಲ್ಲಿ ಇಡುತ್ತೇವೆಯೇ ಹೊರತು ಬಿಡುವುದಿಲ್ಲ.

ಇನ್ನು ‘ಎಳೆ’. ತೇರನ್ನು ಎಳೆಯುತ್ತೇವೆ, ಅಲ್ಲಿ ಭಾರವಿದೆ, ಎಳೆಯುವವನು ಮುಂದಿದ್ದಾನೆ. ಬೆರಳಿಗೆ ಅಂಟಿಕೊಂಡು ಸಾಗುವ ಚಿತ್ರಕ್ಕೆ ಆ ಭಾವ ಹೊಂದುವುದಿಲ್ಲ. ನಮ್ಮ ಧಾರವಾಡದ ಕಡೆ ಮಾತಿನಲ್ಲಿ ಸುಲಭವಾಗಿ ಬರುವ ‘ಜಗ್ಗು’ ಎಂಬುದೂ ಬಲ ಹಾಕುವ ಮಾತೇ. ಮೇಲಾಗಿ ಬರಹದಲ್ಲಿ ‘ಯಾವುದಕ್ಕೂ ಜಗ್ಗದೆ’ ಎಂಬಂತೆ ಮಣಿಯುವ ಅರ್ಥವೇ ಹೆಚ್ಚು ಪರಿಚಿತವಾದ್ದರಿಂದ ಅದನ್ನು ಕೈಬಿಟ್ಟಿದ್ದೇವೆ. ‘ಸರಿಸು’ ಎಂಬುದನ್ನು ಪುಟ ಸರಿಸುವುದಕ್ಕೆ ಬಳಸಿಯಾಗಿದೆ.

ಆದ್ದರಿಂದ ನಾನು ‘ಒಯ್ದು ಇಡಿ’ ಎಂಬುದನ್ನು ಸೂಚಿಸುತ್ತಿದ್ದೇನೆ. ಇದು ಸಂಧಿಯಾಗಿ ‘ಒಯ್ದಿಡಿ’ ಎಂದಾದರೂ, ತೆಗೆದಿಡು, ಬರೆದಿಡು ಎಂಬಲ್ಲಿಯಂತೆ ಇರಿಸುವ ಅರ್ಥ ಕಳೆದುಹೋಗುವುದಿಲ್ಲ. ಇನ್ನೊಂದು ಅನುಕೂಲವೂ ಇದೆ. ವೆಬ್ ಪುಟಗಳಿಗೆಂದು 2023ರಲ್ಲಿ ಹೊರಬಂದ, ಅಂಗವೈಕಲ್ಯ ಇರುವವರಿಗೂ ಪುಟಗಳು ಬಳಸಲು ಬರುವಂತಿರಬೇಕೆಂಬ ಡಬ್ಲ್ಯೂಸಿಎಜಿ 2.2 ಮಾರ್ಗಸೂಚಿಯು, ಎಳೆದು ಮಾಡುವ ಕೆಲಸವನ್ನು ಎಳೆಯದೆಯೂ ಮಾಡಲು ದಾರಿಯಿರಬೇಕೆಂದು ಹೇಳುತ್ತದೆ. ಬೆರಳನ್ನು ಒತ್ತಿ ಹಿಡಿದು ಸಾಗಿಸಲಾಗದ ಮಕ್ಕಳನ್ನು ನೆನೆದು ನಾವೂ ಅದನ್ನು ಪಾಲಿಸಿ, ಮೊದಲು ವಸ್ತುವನ್ನೂ ಬಳಿಕ ಖಾನೆಯನ್ನೂ ಮುಟ್ಟಿದರೆ ಸಾಕೆಂಬ ಏರ್ಪಾಡು ಮಾಡಿದ್ದೇವೆ. ಅಲ್ಲಿ ಎಳೆತವೂ ಇಲ್ಲ, ಬಿಡುವುದೂ ಇಲ್ಲ. ‘ಒಯ್ದು ಇಡಿ’ ಮಾತ್ರ ಎರಡು ಬಗೆಗೂ ಸಲ್ಲುತ್ತದೆ.

‘ಒಯ್ಯು’ ನಮ್ಮಲ್ಲಿ ದಿನದ ಮಾತು. ಮೈಸೂರು, ಮಂಗಳೂರು ಕಡೆಯ ಎಂಟು ಹತ್ತು ವರ್ಷದ ಮಕ್ಕಳು ಅದನ್ನು ತಡವರಿಸದೆ ಓದಿ ಅರ್ಥಮಾಡಿಕೊಳ್ಳುತ್ತಾರೆಯೇ ಎಂಬುದನ್ನು ಆ ಭಾಗದವರು ದಯವಿಟ್ಟು ತಿಳಿಸಬೇಕು. ಹಾಗೆಯೇ, ಖಾನೆ ಒಪ್ಪದಿದ್ದಾಗ ವಸ್ತು ತಾನಾಗಿ ಮೊದಲಿನ ಜಾಗಕ್ಕೆ ಹೋಗುವುದಕ್ಕೆ ‘ಮರಳು’ ಎಂಬುದಕ್ಕಿಂತ ಚುರುಕಾದ ಕ್ರಿಯಾಪದವಿದ್ದರೆ ಅದನ್ನೂ ಸೂಚಿಸಬೇಕೆಂದು ಕೋರುತ್ತೇನೆ.