ಇಲ್ಲನ್ ಪೈಪ್, ದುದುಕ್, ಕೋರಾ ಒಂದೇ ಚಿತ್ರದಲ್ಲಿ: ಹಿನ್ನೆಲೆ ಸಂಗೀತ ವಾದ್ಯಗಳ ಸಂತೆ ಆಗದಂತೆ ಏನು ಮಾಡಬೇಕು?

ಬಿಡಿಸ್ವರ ಕೇಳಿದ್ದು:

95 ನಿಮಿಷದ ಚಿತ್ರ, ಅದರಲ್ಲಿ ಸುಮಾರು 50 ನಿಮಿಷ ಸಂಗೀತ. ಕಥೆ ಮೂರು ದೇಶ ಸುತ್ತುವುದರಿಂದ ಐರಿಷ್ ಜಾನಪದವೂ ಬೇಕು, ಅರ್ಮೇನಿಯದ ದುದುಕ್ಕೂ ಬೇಕು, ಪಶ್ಚಿಮ ಆಫ್ರಿಕದ ಕೋರಾವೂ ಬೇಕು. ಇರುವ ವಾದ್ಯಗಳು: ಡಿ ಶ್ರುತಿಯ ಇಲ್ಲನ್ ಪೈಪ್ (ಮೊಣಕೈಯಲ್ಲಿ ತಿದಿ ಒತ್ತಿ ನುಡಿಸುವ ಐರಿಷ್ ಚೀಲವಾದ್ಯ), ಡಿ ಟಿನ್ ವಿಸಲ್ (ತಗಡಿನ ಪುಟ್ಟ ಕೊಳಲು), ಫಿಡಲ್, ಬೌರಾನ್ (ಕಡ್ಡಿಯಲ್ಲಿ ಬಾರಿಸುವ ಐರಿಷ್ ಚರ್ಮವಾದ್ಯ), ದುದುಕ್ (ಊದುವ ಮರದ ವಾದ್ಯ), ಎಫ್ ಶ್ರುತಿಯ ಕೋರಾ (ಮೀಟಿ ನುಡಿಸುವ ತಂತಿವಾದ್ಯ). ಹಿಂದೆ ಕಂಪ್ಯೂಟರಿನ ಸ್ಟ್ರಿಂಗ್ಸ್ ಪ್ಯಾಡ್ (ಒತ್ತಿ ಹಿಡಿದ ತಂತಿವಾದ್ಯಗಳ ದನಿಹಾಸು).

ಸಿಕ್ಕಿಹಾಕಿಕೊಂಡಿರುವುದು ಇಲ್ಲಿ:

1. ಪೈಪ್ ಒಂದೇ ಇದ್ದಾಗ ಚೆನ್ನಾಗಿದೆ. ಪ್ಯಾಡ್ ಸೇರಿದ ತಕ್ಷಣ ಒಂದು ನಡುಕ ಶುರುವಾಗುತ್ತದೆ. ಟ್ಯೂನರ್‌ನಲ್ಲಿ ನೋಡಿದರೆ ಎರಡೂ ಎ = 440 ಹರ್ಟ್ಸ್ ಲೆಕ್ಕಕ್ಕೆ ಸರಿಯಾಗಿವೆ.
2. ಕೋರಾ ಮತ್ತು ವಿಸಲ್ ಒಟ್ಟಿಗೆ ಬಂದರೆ ಅಪಸ್ವರ.
3. ಸ್ಲಿಪ್ ಜಿಗ್ (ಐರಿಷ್ ಕುಣಿತದ ಟ್ಯೂನ್) 9/8 ಇದೆ ಅಂತ ಟರ್ಕಿಯ 9/8 ತಾಳದ ಲೂಪ್ ಕೆಳಗೆ ಹಾಕಿದರೆ ಇಡೀ ಹಾಡು ಕುಂಟುತ್ತದೆ.
4. ಸಂಭಾಷಣೆ ಬಂದಾಗ ವಿಸಲ್ ತಗ್ಗಿಸಬೇಕಾಗುತ್ತದೆ, ತಗ್ಗಿಸಿದರೆ ಸತ್ತೇ ಹೋಗುತ್ತದೆ.

ಎಲ್ಲಕ್ಕಿಂತ ಮೇಲೆ, ಮೂರು ಬೇರೆ ಚಿತ್ರಗಳ ಸಂಗೀತ ಕತ್ತರಿಸಿ ಅಂಟಿಸಿದ ಹಾಗಿದೆ. ಮೊದಲು ಯಾವುದನ್ನು ಸರಿಮಾಡಬೇಕು?

ಮಂದ್ರಷಡ್ಜ:

1 ಮತ್ತು 2 ಒಂದೇ ಕಾಯಿಲೆ. ಷಡ್ಜ ಎಲ್ಲಿ ಅಂತ ನಿರ್ಧರಿಸದೆ ವಾದ್ಯ ಆರಿಸಿದ್ದೀರಿ. ಅಲ್ಲಿಂದಲೇ ಶುರುಮಾಡಿ, ಉಳಿದದ್ದು ಅರ್ಧ ತಾನಾಗಿ ಸರಿಹೋಗುತ್ತದೆ.

ನಡುಕದ ಲೆಕ್ಕ ನೋಡಿ. ಇಲ್ಲನ್ ಪೈಪಿನ ಮೂರು ಡ್ರೋನ್‌ಗಳೂ ಡಿ (ಡ್ರೋನ್ ಅಂದರೆ ತಂಬೂರಿಯಂತೆ ಒಂದೇ ಸ್ವರ ಹಿಡಿದಿರುವ ಕೊಳವೆ): ಟೆನರ್ 293.7 ಹರ್ಟ್ಸ್, ಬ್ಯಾರಿಟೋನ್ 146.8, ಬಾಸ್ 73.4. ನುಡಿಸುವವರು ಎಫ್ ಶಾರ್ಪನ್ನು ಟ್ಯೂನರ್ ನೋಡಿ ಹಿಡಿಯುವುದಿಲ್ಲ, ಆ ಡ್ರೋನಿಗೆ ಕಿವಿಗೊಟ್ಟು ಕೂರಿಸುತ್ತಾರೆ. 5:4 ಅನುಪಾತದಲ್ಲಿ ಅದು 367.1ಕ್ಕೆ ಬರುತ್ತದೆ. ನಿಮ್ಮ ಪ್ಯಾಡಿನ ಎಫ್ ಶಾರ್ಪ್ ಸಮವಿಭಾಗದ್ದು (ಸ್ಥಾಯಿಯನ್ನು 12 ಸಮಪಾಲು ಮಾಡಿದ್ದು), 370.0. ನಡುವೆ ಸೆಕೆಂಡಿಗೆ ಸುಮಾರು 3 ಮಿಡಿತ. ನಿಮಗೆ ಕೇಳುತ್ತಿರುವ ನಡುಕ ಅದೇ. ತಂಬೂರಿ ಎದುರಿಗೆ ಕೀಬೋರ್ಡಿನ ಅಂತರ ಗಾಂಧಾರ ಒತ್ತಿ ಹಿಡಿದರೆ ಏನಾಗುತ್ತದೋ ಅದೇ ಆಗುತ್ತಿದೆ. ಎರಡೂ 440ಕ್ಕಿದ್ದರೂ ಗಾಂಧಾರ 14 ಸೆಂಟ್ ದೂರ (ಅರ್ಧಸ್ವರದ ನೂರನೇ ಒಂದು ಪಾಲು ಒಂದು ಸೆಂಟ್).

ಪೈಪನ್ನು ಪಿಚ್ ಕರೆಕ್ಷನ್‌ಗೆ ಹಾಕಬೇಡಿ. ಡ್ರೋನೂ ಚಾಂಟರೂ (ಬೆರಳಾಡಿಸಿ ರಾಗ ನುಡಿಸುವ ಕೊಳವೆ) ಒಂದೇ ಮೈಕಿನಲ್ಲಿ ಕೂತಿರುತ್ತವೆ, ಒಂದನ್ನು ಎಳೆದರೆ ಇನ್ನೊಂದೂ ಬರುತ್ತದೆ. ಪ್ಯಾಡಿನಿಂದ ಗಾಂಧಾರ ತೆಗೆದುಬಿಡಿ, ಡಿ ಮತ್ತು ಎ ಮಾತ್ರ ಇರಲಿ. ಪಂಚಮದಲ್ಲಿ ವ್ಯತ್ಯಾಸ ಬರೀ 2 ಸೆಂಟ್, ಯಾರ ಕಿವಿಗೂ ಸಿಗುವುದಿಲ್ಲ. ಗಾಂಧಾರ ಬೇಕೇ ಬೇಕು ಅಂದರೆ ಫಿಡಲ್‌ಗೆ ಕೊಡಿ, ಅವರ ಹೆಡ್‌ಫೋನಿಗೆ ಪ್ಯಾಡ್ ಬೇಡ, ಡ್ರೋನ್ ಮಾತ್ರ ಕಳಿಸಿ. ಇನ್ನೊಂದು ದಾರಿ: ಇಲ್ಲನ್ ಪೈಪಿನಲ್ಲಿ ಡ್ರೋನ್ ನಿಲ್ಲಿಸುವ ಕೀಲಿ ಇರುತ್ತದೆ. ಚಾಂಟರ್ ಒಮ್ಮೆ, ಡ್ರೋನ್ ಒಮ್ಮೆ, ಬೇರೆ ಬೇರೆ ರೆಕಾರ್ಡ್ ಮಾಡಿಕೊಳ್ಳಿ. ಚಾಂಟರ್ ನುಡಿಸುವಾಗ ಡ್ರೋನಿನ ಟ್ರ್ಯಾಕ್ ಅವರ ಕಿವಿಯಲ್ಲಿರಲಿ.

ಈಗ ಕೋರಾ. ಎಫ್ ಮೇಜರ್‌ಗೆ ಕಟ್ಟಿದ ಕೋರಾವನ್ನು ಡಿ ಷಡ್ಜದಿಂದ ಕೇಳಿದರೆ ಸಿಗುವುದು ಡಿ, ಇ, ಎಫ್, ಜಿ, ಎ, ಬಿ ಫ್ಲ್ಯಾಟ್, ಸಿ. ಅಂದರೆ ನಠಭೈರವಿಯ ಸ್ವರಗಳು. ಡಿ ವಿಸಲ್ ಕೊಡುವುದು ಎಫ್ ಶಾರ್ಪ್ ಮತ್ತು ಬಿ. ಗಾಂಧಾರವೂ ಧೈವತವೂ ಢಿಕ್ಕಿ. ಪರಿಹಾರಕ್ಕೆ ಇಡೀ ಕೋರಾವನ್ನು ಒಂದು ಸ್ವರ ಮೇಲೆ ಬಿಗಿಯಬೇಡಿ. ಎರಡು ಅರ್ಧಸ್ವರ ಏರಿಸಿದರೆ ಪ್ರತಿ ತಂತಿಯ ಎಳೆತ ಸುಮಾರು 26% ಹೆಚ್ಚುತ್ತದೆ, ಅಂಥ 21 ತಂತಿ ಒಂದೇ ಚರ್ಮದ ಮೇಲೆ ಕೂತಿವೆ. ಎಫ್ ತಂತಿಗಳನ್ನೂ ಬಿ ಫ್ಲ್ಯಾಟ್ ತಂತಿಗಳನ್ನೂ ಮಾತ್ರ ಅರ್ಧ ಸ್ವರ ಏರಿಸಿ. ಆ ತಂತಿಗಳ ಎಳೆತ 12% ಅಷ್ಟೇ ಹೆಚ್ಚುತ್ತದೆ, ಉಳಿದವು ಇದ್ದಲ್ಲೇ ಇರುತ್ತವೆ. ಈಗ ಡಿ ಇಂದ ನೋಡಿದರೆ ಹರಿಕಾಂಭೋಜಿ, ಪಾಶ್ಚಾತ್ಯರ ಮಿಕ್ಸೊಲಿಡಿಯನ್. ಐರಿಷ್ ಪೈಪ್ ಟ್ಯೂನ್‌ಗಳಲ್ಲಿ ಎಷ್ಟೋ ಇದೇ ಮೇಳದಲ್ಲಿವೆ. ಬಿ ಫ್ಲ್ಯಾಟ್ ಮಾತ್ರ ಏರಿಸಿದರೆ ಖರಹರಪ್ರಿಯ, ಅದೇ ಡೋರಿಯನ್. ಅದಕ್ಕೆ ಡಿ ವಿಸಲ್ ಬೇಡ, ಸಿ ವಿಸಲ್ ತೆಗೆದುಕೊಳ್ಳಿ. ತಿರುಪು ಕೀಲಿ ಇರುವ ಕೋರಾ ಆದರೆ ಕೆಲಸ ಬೇಗ ಆಗುತ್ತದೆ. ಚರ್ಮದ ಉಂಗುರದ್ದಾದರೆ ಆ ದಿನದ ಕೋರಾ ಭಾಗಗಳನ್ನೆಲ್ಲ ಒಂದೇ ಶ್ರುತಿಗೆ ಗುಂಪುಮಾಡಿ, ನಡುವೆ ಬದಲಿಸಲು ಹೇಳಬೇಡಿ.

ದುದುಕ್‌ನ ಹರವು ಒಂದು ಸ್ಥಾಯಿಗಿಂತ ಸ್ವಲ್ಪವೇ ಹೆಚ್ಚು. ಎರಡು ಸ್ಥಾಯಿ ಓಡುವ ವಿಸಲ್ ಟ್ಯೂನನ್ನು ಹಾಗೇ ದುದುಕ್‌ಗೆ ಕೊಟ್ಟರೆ ನುಡಿಸಲಾಗದು. ಶ್ರುತಿ ಬದಲಾದರೆ ಬೇರೆ ಉದ್ದದ ದುದುಕ್ ಬೇಕು, ಕಲಾವಿದರಿಗೆ ಮೊದಲೇ ತಿಳಿಸಿ. ಆದರೆ ನಿಮ್ಮ ಚಿತ್ರವನ್ನು ಒಂದುಗೂಡಿಸುವ ದಾರವೂ ಇಲ್ಲೇ ಇದೆ. ದುದುಕ್ ಸಂಪ್ರದಾಯದಲ್ಲಿ ಎರಡನೇ ವಾದಕರು ಉಸಿರು ಕಡಿಯದೆ ಒಂದೇ ಸ್ವರ ಹಿಡಿದಿರುತ್ತಾರೆ, ಅದಕ್ಕೆ ದಮ್ ಎನ್ನುತ್ತಾರೆ. ಆ ದಮ್ ಡಿ ಆಗಿರಲಿ. ಪೈಪಿನ ಡ್ರೋನ್ ಕರಗುವಾಗಲೇ ಅದೇ ಡಿ ದಮ್‌ನಲ್ಲಿ ಏಳಲಿ. ದೃಶ್ಯ ಐರ್ಲೆಂಡಿನಿಂದ ಅರ್ಮೇನಿಯಕ್ಕೆ ಕತ್ತರಿಸಿದರೂ ಕಿವಿಗೆ ನೆಲ ಜಾರುವುದಿಲ್ಲ.

ಮುಕ್ತಾಯ_ಅಲ್ಲ:

ಮೂರನೆಯದಕ್ಕೆ ಉತ್ತರ. 9 ಎಂಬ ಅಂಕಿ ನೋಡಿ ಮೋಸಹೋಗಿದ್ದೀರಿ. ಸ್ಲಿಪ್ ಜಿಗ್ 3+3+3. ನಿಮ್ಮ ಲೂಪಿನ ಟರ್ಕಿ ತಾಳ, ಅಂದರೆ ಕರ್ಶಿಲಮಾ ಕುಣಿತದ್ದು, 2+2+2+3. ಜಿಗ್‌ನ ಪೆಟ್ಟು 1, 4, 7ರಲ್ಲಿ, ಲೂಪಿನದು 1, 3, 5, 7ರಲ್ಲಿ. ನಾಲ್ಕನೆಯ ಎಣಿಕೆಯಲ್ಲಿ ಕಾಲು ಊರಲು ಹೋದರೆ ಕೆಳಗೆ ನೆಲವೇ ಇಲ್ಲ, ಕುಂಟದೆ ಇನ್ನೇನು? ಆ ಲೂಪ್ ತೆಗೆದುಬಿಡಿ, ಅದನ್ನು ತಿದ್ದಿ ಸರಿಮಾಡುವ ಗೋಜು ಬೇಡ.

ಬೆಸೆಯಲೇಬೇಕು ಅಂದರೆ 6/8 ಜಿಗ್ ತೆಗೆದುಕೊಂಡು ಪಶ್ಚಿಮ ಆಫ್ರಿಕದ 12 ಮಾತ್ರೆಯ ಗಂಟೆ ನಡೆ ಕೂರಿಸಿ. ಕೋರಾ ಇರುವ ಚಿತ್ರಕ್ಕೆ ಅರ್ಥವೂ ಇದೆ. ಗಂಟೆ ಬೀಳುವುದು 2+2+1+2+2+2+1, ಅಂದರೆ 1, 3, 5, 6, 8, 10, 12ರಲ್ಲಿ. ಜಿಗ್‌ನ ಎರಡು ಬಾರ್ (ತಾಳದ ಆವರ್ತ) ಸೇರಿ 12, ಅದರ ಪೆಟ್ಟು 1, 4, 7, 10. ಎರಡೂ ಕೂಡುವುದು 1 ಮತ್ತು 10ರಲ್ಲಿ ಮಾತ್ರ. ಗಂಟೆ ಸುಮ್ಮನಿರುವ 4 ಮತ್ತು 7ನ್ನು ಬೌರಾನ್ ತುಂಬುತ್ತದೆ. ಕೈಯಲ್ಲಿ ತಟ್ಟಿ ನೋಡಿ, ಎರಡು ಸಲ ತಪ್ಪಿ ಮೂರನೆಯ ಸಲ ಕೂರುತ್ತದೆ.

ಕ್ವಾಂಟೈಸ್ (ಸ್ವರಗಳನ್ನು ಕಂಪ್ಯೂಟರಿನ ಸಮ ಗೆರೆಗಳಿಗೆ ಎಳೆದು ಕೂರಿಸುವುದು) ಮಾಡಬೇಡಿ. ಜಿಗ್‌ನ ಮೂರು ಸ್ವರಗಳು ಸಮ ಅಲ್ಲ: ಮೊದಲನೆಯದು ತುಸು ಉದ್ದ, ಎರಡನೆಯದು ಗಿಡ್ಡ. ಗ್ರಿಡ್‌ಗೆ ಎಳೆದರೆ ಹೊಲಿಗೆ ಯಂತ್ರ ಕೇಳಿದಂತಾಗುತ್ತದೆ. ಫಿಡಲ್ ಮೊದಲು ನುಡಿಸಲಿ, ಟೆಂಪೋ ಮ್ಯಾಪ್ (ವೇಗದ ಏರಿಳಿತದ ನಕ್ಷೆ) ಅದರಿಂದ ತೆಗೆಯಿರಿ, ಲೂಪ್ ಆಮೇಲೆ ಅದಕ್ಕೆ ಹೊಂದಲಿ. ಕ್ಲಿಕ್ (ಕಿವಿಯಲ್ಲಿ ತಾಳ ಹಿಡಿಯುವ ಟಕ್ ಟಕ್) ಕೊಡಲೇಬೇಕಾದರೆ ಒಂದು ಬಾರ್ ಒಳಗೆ ಆರು ಬೇಡ, ಎರಡೇ ಸಾಕು.

ಬಿಡಿಸ್ವರ:

ಗಾಂಧಾರ ತೆಗೆದು ನೋಡಿದೆ, ನಡುಕ ಹೋಯಿತು. ಇನ್ನೆರಡು ಪ್ರಶ್ನೆ. ಒಂದು ಕುಣಿತದ ದೃಶ್ಯ ಸರಿಯಾಗಿ 40 ಸೆಕೆಂಡ್, 23ನೇ ಸೆಕೆಂಡಿಗೆ ಬಾಗಿಲು ತೆರೆಯುತ್ತದೆ, ಅಲ್ಲಿ ಟ್ಯೂನ್ ತಿರುಗಬೇಕು. ಜಿಗ್‌ನ ವೇಗ ಇಳಿಸಬೇಕೇ? ಎರಡನೆಯದು, ಕೊನೆಯ ಮೆರವಣಿಗೆಗೆ ಸ್ಕಾಟಿಷ್ ಹೈಲ್ಯಾಂಡ್ ಪೈಪ್ ಕೇಳುತ್ತಿದ್ದಾರೆ.

ಮುಕ್ತಾಯ_ಅಲ್ಲ:

ವೇಗ ಮುಟ್ಟಬೇಡಿ, ಬಾರ್ ಎಣಿಸಿ. ಚುಕ್ಕೆಯ ಕ್ರಾಚೆಟ್ (ಜಿಗ್ ತಾಳದ ಒಂದು ಪೆಟ್ಟು) ನಿಮಿಷಕ್ಕೆ 120 ಇಟ್ಟರೆ ಜಿಗ್‌ನ ಒಂದು ಬಾರ್ ಸರಿಯಾಗಿ 1 ಸೆಕೆಂಡ್. ಟ್ಯೂನ್ ಎಎಬಿಬಿ (ಎ ಭಾಗ ಎರಡು ಸಲ, ಬಿ ಭಾಗ ಎರಡು ಸಲ), ಒಂದೊಂದು ಭಾಗ 8 ಬಾರ್, ಒಟ್ಟು 32 ಸೆಕೆಂಡ್. ಕೊನೆಗೆ ಇನ್ನೊಂದು ಎ ಸೇರಿಸಿದರೆ 40. ಎರಡನೇ ಬಿ ಶುರುವಾಗುವುದು 24ಕ್ಕೆ, ನಿಮಗೆ ಬೇಕಿರುವುದು 23ಕ್ಕೆ. ಸಂಗೀತವನ್ನು ಹಿಂದಿನ ಶಾಟಿನ ಬಾಲದಲ್ಲೇ ಒಂದು ಬಾರ್ ಮುಂಚೆ ಎತ್ತಿಕೊಳ್ಳಿ. 39ಕ್ಕೆ ಮುಗಿಯುತ್ತದೆ, ಉಳಿದ ಒಂದು ಸೆಕೆಂಡ್ ಕೊನೆಯ ಸ್ವರದ ಅನುರಣನ.

ಫೇಡರ್_ಕೆಳಗೆ:

ಹೈಲ್ಯಾಂಡ್ ಪೈಪ್ ಬೇಡ ಅಂತಲೇ ನನ್ನ ಸಲಹೆ. ಅವರು ಎ ಎಂದು ಬರೆಯುವ ಸ್ವರ ಈಗಿನ ವಾದ್ಯಗಳಲ್ಲಿ 470ರಿಂದ 480 ಹರ್ಟ್ಸ್, ಅಂದರೆ ಬಿ ಫ್ಲ್ಯಾಟ್‌ಗಿಂತಲೂ ತುಸು ಮೇಲೆ. ನಿಮ್ಮ ಡಿ ಲೋಕಕ್ಕೂ ಅದಕ್ಕೂ ಎಣ್ಣೆ ಸೀಗೆಕಾಯಿ. ಇರುವುದು ಒಂಬತ್ತೇ ಸ್ವರ, ಗಟ್ಟಿ ಮೆಲ್ಲಗೆ ಎಂಬುದಿಲ್ಲ, ನುಡಿಯ ನಡುವೆ ಒಂದು ಕ್ಷಣ ಸುಮ್ಮನಿರು ಅಂದರೆ ಇರುವುದಿಲ್ಲ. 1995ರ 'ಬ್ರೇವ್‌ಹಾರ್ಟ್' ಸ್ಕಾಟ್ಲೆಂಡಿನ ಕಥೆ, ಆದರೂ ಹಿನ್ನೆಲೆಯಲ್ಲಿ ಮುಖ್ಯವಾಗಿ ಕೇಳುವುದು ಐರಿಷ್ ಇಲ್ಲನ್ ಪೈಪೇ. ಕಟ್ಟಾ ಸಂಪ್ರದಾಯವಾದಿಗಳು ಇಂದಿಗೂ ಗೊಣಗುತ್ತಾರೆ, ಆದರೆ ಸ್ಟುಡಿಯೋದ ಕಾರಣ ಅರ್ಥವಾಗುವಂಥದ್ದು. ಪರದೆಯ ಮೇಲೆ ಹೈಲ್ಯಾಂಡ್ ಪೈಪ್ ಕಾಣಿಸಿದರೆ ಮಾತ್ರ ಅದನ್ನೇ ಬಳಸಿ. ಆ ಭಾಗವನ್ನು ಬಿ ಫ್ಲ್ಯಾಟ್‌ನಲ್ಲಿ ಬರೆಯಿರಿ, ಪೈಪ್ ಮೊದಲು ರೆಕಾರ್ಡ್ ಮಾಡಿ, ಅದರ ಶ್ರುತಿ ಅಳೆದು ಸ್ಟ್ರಿಂಗ್ಸನ್ನು ಅದಕ್ಕೆ ಏರಿಸಿ.

ಸಂಭಾಷಣೆ: ಡಿ ಟಿನ್ ವಿಸಲ್ 587 ಹರ್ಟ್ಸ್‌ನಿಂದ 2349ರವರೆಗೆ ಹೋಗುತ್ತದೆ. ಮಾತಿನ ವ್ಯಂಜನಗಳು ಸ್ಪಷ್ಟವಾಗುವುದು ಹೆಚ್ಚಾಗಿ 2000ದಿಂದ 4000ದ ನಡುವೆ. ಎರಡನೇ ಸ್ಥಾಯಿಯ ವಿಸಲ್ ತುದಿಯ ಸ್ವರಗಳೂ ಉಪಸ್ವರಗಳೂ ನೇರವಾಗಿ ಅಲ್ಲಿಗೇ ಬಂದು ಕೂರುತ್ತವೆ. ಇಕ್ಯೂನಲ್ಲಿ (ದನಿಯ ಬೇರೆ ಬೇರೆ ಪಟ್ಟಿಗಳನ್ನು ಏರಿಸಿ ಇಳಿಸುವ ಸಾಧನ) ಕೊರೆದರೆ ವಿಸಲ್ ತಗಡಾಗುತ್ತದೆ, ಮಾತೂ ತೆರವಾಗುವುದಿಲ್ಲ. ಮಾತಿನ ಕೆಳಗೆ ಒಂದು ಸ್ಥಾಯಿ ತಗ್ಗಿನ ಲೋ ವಿಸಲ್ ಬಳಸಿ, ನುಡಿಗಳನ್ನು ಮಾತಿನ ಬಿಡುವಿನಲ್ಲಿ ಇಡಿ. ಡ್ರೋನಿನಲ್ಲಿ ಬಾಸ್ 73 ಹರ್ಟ್ಸ್ ಇರಲಿ, ಬ್ಯಾರಿಟೋನ್ 147 ಗಂಡಸಿನ ದನಿಯ ಮೇಲೇ ಬೀಳುತ್ತದೆ, ಅದನ್ನು ಮುಚ್ಚಿ. ಮಂದ್ರಷಡ್ಜ ಹೇಳಿದ ಹಾಗೆ ಡ್ರೋನ್ ಬೇರೆಯಾಗಿ ರೆಕಾರ್ಡ್ ಮಾಡಿದರೆ, ಅದೂ ಒಂದೊಂದಾಗಿ ಮಾಡಿದರೆ, ಮಾತ್ರ ಇದು ಸಾಧ್ಯ.

ಮೈಕ್: ವಿಸಲ್‌ನ ಬಾಯಿ ಸೀಳಿಗೆ ನೇರ ಗುರಿಯಿಟ್ಟರೆ ಗಾಳಿಯೇ ಹೆಚ್ಚು, 40 ಸೆಂಮೀ ಮೇಲಿನಿಂದ, ಬೆರಳುಗಳತ್ತ. ಇಲ್ಲನ್ ಪೈಪ್‌ಗೆ ಎರಡು, ಚಾಂಟರ್‌ಗೆ ಅರ್ಧ ಮೀಟರ್ ದೂರದಿಂದ, ಡ್ರೋನ್‌ಗಳಿಗೆ ಇನ್ನೊಂದು. ಮೈಕಿನ ಬೆನ್ನು ತಿದಿಯ ಕಡೆಗಿರಲಿ. ಬೌರಾನಿನ ಗುಮ್ಮು ಹಿಂಬದಿಯಿಂದ, ಕಡ್ಡಿಯ ಟಕ್ ಎದುರಿನಿಂದ. ಎರಡನ್ನೂ ಸೇರಿಸುವಾಗ ಒಂದರ ಫೇಸ್ (ದನಿಯಲೆಯ ಮೇಲುಕೆಳಗು) ತಿರುಗಿಸಿ ಕೇಳಿ, ಸಾಮಾನ್ಯವಾಗಿ ತಳ ವಾಪಸ್ ಬರುತ್ತದೆ. ತೇವ ಇರುವ ದಿನ ಚರ್ಮ ಸಡಿಲಾಗಿ ಸ್ವರ ಇಳಿಯುತ್ತದೆ, ತಿರುಪಿನಿಂದ ಬಿಗಿಯುವ ಬೌರಾನ್ ತರಿಸಿ.

ರಿವರ್ಬ್ (ಕೋಣೆಯ ಅನುರಣನ) ವಾದ್ಯಕ್ಕೊಂದು ಹಾಕಿದ್ದರೆ ಎಲ್ಲ ತೆಗೆಯಿರಿ. ಮೂರು ಸಿನಿಮಾ ಅಂಟಿಸಿದಂತೆ ಕೇಳಲು ದೊಡ್ಡ ಕಾರಣ ಬಹುಶಃ ಇದೇ. ಒಂದೇ ಕೋಣೆ, ಎಲ್ಲರೂ ಅದರೊಳಗೆ, ದೂರ ಮಾತ್ರ ಬೇರೆ ಬೇರೆ.

ಒಪ್ಪಿಸುವಾಗ 48 ಕಿಲೋಹರ್ಟ್ಸ್, 24 ಬಿಟ್, ಡ್ರೋನ್, ರಾಗ, ತಾಳ, ಸ್ಟ್ರಿಂಗ್ಸ್, ರಿವರ್ಬ್ ಪ್ರತ್ಯೇಕ ಸ್ಟೆಮ್ (ಗುಂಪಿಗೊಂದು ಕಡತ). 44.1ರ ಕಡತ ಪರಿವರ್ತನೆಯಾಗದೆ 48ರಲ್ಲಿ ಓಡಿದರೆ ಒಂದೂವರೆ ಅರ್ಧಸ್ವರ ಮೇಲೇರುತ್ತದೆ. ಬೇರೆ ಸಂಗೀತದಲ್ಲಿ ತಕ್ಷಣ ಗೊತ್ತಾಗುತ್ತದೆ, ಒಂಟಿ ಡ್ರೋನ್ ಸ್ಟೆಮ್‌ನಲ್ಲಿ ಯಾರಿಗೂ ಗೊತ್ತಾಗದೆ ಮಿಕ್ಸ್‌ವರೆಗೂ ಹೋಗಿಬಿಡುತ್ತದೆ.

ಊರಹಾಡು:

ತಾಂತ್ರಿಕವಾಗಿ ಎಲ್ಲ ಸರಿ, ಒಂದು ತಕರಾರು. ದುದುಕ್ ಅಂದರೆ ದುಃಖ, ಕೋರಾ ಅಂದರೆ ಬೆಳಗು, ವಿಸಲ್ ಅಂದರೆ ಹಸಿರು ಗುಡ್ಡ ಎಂದು ಹಂಚಿದರೆ ಎಷ್ಟು ಶ್ರುತಿ ಸೇರಿಸಿದರೂ ಸಂತೆಯೇ. ವರ್ಲ್ಡ್ ಮ್ಯೂಸಿಕ್ ಎಂಬ ಹೆಸರೇ 1987ರಲ್ಲಿ ಅಂಗಡಿಯ ಕಪಾಟಿಗೆ ಅಂಟಿಸಲು ಒಪ್ಪಿಕೊಂಡ ಚೀಟಿ. ಒಂದೇ ಟ್ಯೂನ್ ಬರೆಯಿರಿ, ಐದಾರು ಸ್ವರದೊಳಗೆ, ದುದುಕ್‌ಗೂ ದಕ್ಕುವಂತೆ. ಅದನ್ನೇ ಮೂರೂ ಕಡೆ ಕಳಿಸಿ. ವಿಸಲ್ ಅದಕ್ಕೆ ಕಟ್, ರೋಲ್ ಎಂಬ ಬೆರಳಿನ ಅಲಂಕಾರ ಹಾಕಲಿ, ದುದುಕ್ ಜಾರಿಸಲಿ, ಕೋರಾ ಆ ಟ್ಯೂನನ್ನು ಬಿಡಿಬಿಡಿಯಾಗಿ ಒಡೆದು ಹೆಬ್ಬೆರಳಿಗೊಂದಿಷ್ಟು ತೋರುಬೆರಳಿಗೊಂದಿಷ್ಟು ಹಂಚಲಿ. ಅಲಂಕಾರವನ್ನು ಸ್ವರಪ್ರಸ್ತಾರದಲ್ಲಿ ಬರೆಯಬೇಡಿ, ಅವರಿಗೇ ಬಿಡಿ. ಎಲ್ಲರೂ ಒಟ್ಟಿಗೆ ನುಡಿಸುವುದು ಚಿತ್ರದಲ್ಲಿ ಒಂದೇ ಸಲ.

ಹಕ್ಕಿನ ವಿಷಯ ಮರೆಯಬೇಡಿ. ಐರಿಷ್ ಕೂಟಗಳಲ್ಲಿ ಸಾಂಪ್ರದಾಯಿಕ ಎಂದು ನುಡಿಸುವ ಎಷ್ಟೋ ಟ್ಯೂನ್‌ಗಳನ್ನು 20ನೇ ಶತಮಾನದಲ್ಲಿ ಯಾರೋ ಕೂತು ರಚಿಸಿದ್ದಾರೆ, ಹಕ್ಕು ಇನ್ನೂ ಜೀವಂತ. ಟ್ಯೂನ್ ನಿಜಕ್ಕೂ ಹಳೆಯದಾದರೂ ಆ ಧ್ವನಿಮುದ್ರಣಕ್ಕೆ ಬೇರೆ ಹಕ್ಕು. ಕ್ಷೇತ್ರಕಾರ್ಯದ ಹಳೆಯ ಟೇಪಿನಿಂದ ದನಿ ಕತ್ತರಿಸುವ ಯೋಚನೆ ಇದ್ದರೆ ಸಾಲೊಮನ್ ದ್ವೀಪಗಳ ಲಾಲಿಯ ಕಥೆ ಓದಿ. ಜನಾಂಗ ಸಂಗೀತಜ್ಞ ಹ್ಯೂಗೋ ಜೆಂಪ್ ಮಲೈಟಾದಲ್ಲಿ ಮುದ್ರಿಸಿದ ಆ ಹಾಡು 1990ರ ದಶಕದಲ್ಲಿ ಪಾಪ್ ಆಗಿ, ಮುಂದೆ ಇನ್ನೊಬ್ಬರ ಆಲ್ಬಮ್ಮಿನಲ್ಲಿ ಆಫ್ರಿಕದ ಪಿಗ್ಮಿ ಲಾಲಿ ಎಂಬ ಹೆಸರನ್ನೂ ಹೊತ್ತುಕೊಂಡಿತು. ಹಾಡಿದಾಕೆ ಅಫುನಕ್ವಾ.

ಮಂದ್ರಷಡ್ಜ:

ಒಂದು ಬಿಟ್ಟುಹೋಗಿತ್ತು. ವಿಸಲ್ ತಣ್ಣಗಿದ್ದಾಗ ಶ್ರುತಿ ಇಳಿದಿರುತ್ತದೆ, ಊದುತ್ತ ಬಿಸಿಯಾದಂತೆ ಏರುತ್ತದೆ. ಫಿಡಲ್ ತಂತಿ ಕೋಣೆ ಬಿಸಿಯಾದರೆ ಇಳಿಯುತ್ತದೆ. ಎರಡೂ ಎದುರುಬದುರು ಜಾರುತ್ತವೆ. ಪ್ರತಿ ಟೇಕಿನ ಮೊದಲು ಎಲ್ಲರಿಂದಲೂ 5 ಸೆಕೆಂಡ್ ಬರಿಯ ಡಿ ರೆಕಾರ್ಡ್ ಮಾಡಿಸಿ. ಮೂರನೇ ಟೇಕಿನ ಅರ್ಧವನ್ನು ಏಳನೆಯದಕ್ಕೆ ಹೊಲಿಯುವಾಗ ಎಷ್ಟು ಸೆಂಟ್ ಸರಿಸಬೇಕು ಅಂತ ಅದರಿಂದಲೇ ಅಳೆಯಬಹುದು.